ಬಲಗಡೆಯ ಮುಂದಿನ ಚಕ್ರ

1961ರ ವಿಜಯದಶಮಿ, ಬೆಳಿಗ್ಗೆ ಎಂಟು ಗಂಟೆ. ಪೊಲೀಸರೆಲ್ಲ ಜಂಬೂಸವಾರಿಯ ಬಂದೋಬಸ್ತಿಗೆ ಹೊರಟುಹೋಗಿ, ಠಾಣೆಯಲ್ಲಿ ಉಳಿದವರು ಇನ್ಸ್‌ಪೆಕ್ಟರ್ ಪುಟ್ಟಸ್ವಾಮಿ ಮತ್ತು ದಫೇದಾರ್ ನಿಂಗಯ್ಯ ಇಬ್ಬರೇ. ಆನೆ ನೋಡುವ ಆಸೆಯನ್ನು ನಿಂಗಯ್ಯ ಇನ್ನೂ ಪೂರ್ತಿ ಕೈಬಿಟ್ಟಿರಲಿಲ್ಲ. ಅಷ್ಟರಲ್ಲಿ ಯಾದವಗಿರಿಯ ಮರದ ವ್ಯಾಪಾರಿ ವೃಷಭೇಂದ್ರಪ್ಪನವರು ದೂರು ಕೊಡಲು ಬಂದರು. ಹಣೆಯ ವಿಭೂತಿ ಅಚ್ಚುಕಟ್ಟಾಗಿತ್ತು. ಕಣ್ಣು ಮಾತ್ರ ನಿದ್ದೆ ಕಂಡು ಎಷ್ಟೋ ದಿನವಾದಂತಿತ್ತು.

ಕಳುವಾದದ್ದು ಕಾರು, ಆದರೆ ಮೊಳದುದ್ದದ ಕಾರು. ಅವರ ಮಗ ಶಶಿಧರ ಎರಡು ವರ್ಷದ ಹಿಂದೆ ಮದ್ರಾಸಿನಲ್ಲಿ ರೇಸ್ ಗೆದ್ದು ಚಾಂಪಿಯನ್ ಆಗಿದ್ದ. ಗೆದ್ದ ಕಾರಿನದೇ ಮಾದರಿಯನ್ನು ಅವನೂ ಅವನ ಮೆಕ್ಯಾನಿಕ್ ಮಹದೇವುವೂ ಸೇರಿ ಕೈಯಾರೆ ಮಾಡಿದ್ದರು. ಬೀಟೆಮರದ ಮೈ, ಕೆಂಪು ಬಣ್ಣ, ಹಿತ್ತಾಳೆ ಚಕ್ರ. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳೂ ತಿರುಗುತ್ತಿದ್ದವು. ಕಳೆದ ವರ್ಷ ಆಯುಧಪೂಜೆಯ ದಿನ ದೊಡ್ಡ ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದ ಶಶಿಧರ ಹಾಗೇ ಬೆಟ್ಟದ ರಸ್ತೆಗೆ ಓಡಿಸಿಕೊಂಡು ಹೋದ. ತಿರುವಿನಲ್ಲಿ ಬಲಗಡೆಯ ಮುಂದಿನ ಚಕ್ರ ಕಳಚಿಕೊಂಡಿತು. ಹುಡುಗ ಉಳಿಯಲಿಲ್ಲ.

ಈ ನವರಾತ್ರಿಯ ಮೊದಲ ದಿನದಿಂದ ಆ ಚಿಕ್ಕ ಕಾರಿನ ಅದೇ ಚಕ್ರ ದಿನಾ ಬೆಳಗಾಗುವಷ್ಟರಲ್ಲಿ ಕಳಚಿ ಬಿದ್ದಿರುತ್ತಿತ್ತು. ಗಾಜಿನ ಪೆಟ್ಟಿಗೆಯ ಬೀಗ ಹಾಕಿದ್ದು ಹಾಕಿದ ಹಾಗೇ. ಕಾರು ಮಾತ್ರ ಬಲಕ್ಕೆ ವಾಲಿ, ಬೆಟ್ಟದ ಮೇಲೆ ದೊಡ್ಡದು ಹೇಗೆ ಬಿದ್ದಿತ್ತೋ ಹಾಗೆಯೇ ನಿಂತಿರುತ್ತಿತ್ತು. ವೃಷಭೇಂದ್ರಪ್ಪನವರು ಚಕ್ರ ಸಿಕ್ಕಿಸಿ, ನಟ್ಟನ್ನು ಹೇಗೋ ಕಚ್ಚಿಸಿ ಇಡುತ್ತಿದ್ದರು. ಮರುದಿನ ಮತ್ತೆ ಅದೇ ಕತೆ. ಅಡುಗೆಯವಳು ಸಂಬಳವನ್ನೂ ಕೇಳದೆ ಕೆಲಸ ಬಿಟ್ಟಳು. ಅಷ್ಟಮಿಯ ರಾತ್ರಿ ಕಾರೇ ಮಾಯವಾಯಿತು. ನವಮಿ ಪೂಜೆಯ ದಿನವಾದ್ದರಿಂದ ಇವತ್ತು ಬಂದೆ ಎಂದರು.

"ಅನುಮಾನ ಯಾರ ಮೇಲೆ?"

"ಮಹದೇವು ಮೇಲೆ. ಅವತ್ತು ಚಕ್ರ ಬಿಗೀದೆ ನನ್ನ ಮಗನ್ನ ಕೊಂದೋನೇ ಅವನು. ನಿಮ್ಮೋರು ಆಕಸ್ಮಿಕ ಅಂತ ಬರೆದು ಫೈಲ್ ಮುಚ್ಚಿದ್ರು. ಮೊನ್ನೆ ಮನೆಗೆ ಬಂದು, ಕಾರು ಒಂದ್ಸಲ ನೋಡಬೇಕು ಅಂತ ಗೋಗರೆದ. ಅಟ್ಟಿದೆ. ಅವನ ಸಾಮಾನಿನ ಪೆಟ್ಟಿಗೆ ನೋಡಿ ಸ್ವಾಮಿ."

ಎಫ್.ಐ.ಆರ್. ಬರೆದಾಯಿತು. ಯಾದವಗಿರಿಯ ಮನೆಯಲ್ಲಿ ಸ್ಥಳ ಪಂಚನಾಮೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಾಜಿನ ಪೆಟ್ಟಿಗೆಗೆ ಗೀರಿಲ್ಲ, ಬೀಗಕ್ಕೆ ಪೆಟ್ಟಿಲ್ಲ. ಬೀಗದ ಕೈ ದೇವರಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ವೃಷಭೇಂದ್ರಪ್ಪನವರ ಹೆಂಡತಿ ಪ್ರೇಮಲೀಲಾ ಬಾಗಿಲ ಮರೆಯಲ್ಲಿ ನಿಂತಿದ್ದರು. ರಾತ್ರಿ ಏನಾದರೂ ಸದ್ದು ಕೇಳಿತೇ ಎಂದು ಪುಟ್ಟಸ್ವಾಮಿ ವಿಚಾರಿಸಿದ.

"ಇಲ್ಲಪ್ಪ," ಎಂದರು ಆಕೆ. "ನಮ್ಮ ಶಶಿ ಯಾವತ್ತೂ ಸದ್ದು ಮಾಡಿಕೊಂಡು ಬರ್ತಿರಲಿಲ್ಲ."

ನಿಂಗಯ್ಯ ಪಂಚನಾಮೆಯ ಕಾಗದ ಮಡಿಸಿಕೊಂಡು, ಯಾರೂ ಹೇಳದಿದ್ದರೂ, ಹೊರಗಿನ ಬಿಸಿಲಿಗೆ ಹೋಗಿ ನಿಂತ. ಪುಟ್ಟಸ್ವಾಮಿ ಅವನನ್ನು ಗೇಲಿ ಮಾಡಲು ಹೋಗಲಿಲ್ಲ. ತಾನೂ ಅವನ ಪಕ್ಕಕ್ಕೇ ಬಂದು ಬಿಸಿಲಿಗೆ ನಿಂತ.

ಉದಯಗಿರಿಯಲ್ಲಿ ಮಹದೇವುವಿನ ಗ್ಯಾರೇಜು ತಗಡಿನ ಒಂದು ಕೊಟ್ಟಿಗೆ. ಸಾಮಾನಿನ ಪೆಟ್ಟಿಗೆಗೆ ಬೀಗವೇ ಇರಲಿಲ್ಲ. ಮುಚ್ಚಳ ತೆಗೆದರೆ ಮೇಲೆಯೇ ಗೋಣಿಚೀಲದಲ್ಲಿ ಸುತ್ತಿಟ್ಟ ಕೆಂಪು ಕಾರು. ಪುಟ್ಟಸ್ವಾಮಿ ಎತ್ತಿಕೊಂಡದ್ದೇ ತಡ, ಬಲಗಡೆಯ ಮುಂದಿನ ಚಕ್ರ ಕಳಚಿ ಅವನ ಅಂಗೈಗೆ ಬಿತ್ತು. ಕಾಯುತ್ತಾ ಇದ್ದು ಬಿದ್ದ ಹಾಗಿತ್ತು. ಸಾಕ್ಷಿಗೆಂದು ಕರೆತಂದಿದ್ದ ಪಂಚರಲ್ಲಿ ಒಬ್ಬ ದೇವರ ಹೆಸರು ಹೇಳಿ ಎರಡು ಹೆಜ್ಜೆ ಹಿಂದೆ ಸರಿದ.

ಮಹದೇವು ಅಳಲೂ ಇಲ್ಲ, ಆಣೆ ಇಡಲೂ ಇಲ್ಲ. ಎಣ್ಣೆ ಮೆತ್ತಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡು, "ಇದು ಇಲ್ಲಿಗೆಂಗೆ ಬಂತು ಬುದ್ಧಿ?" ಎಂದ, ಅಷ್ಟೇ. ಮಾಲು ಸಮೇತ ಸಿಕ್ಕಿಬಿದ್ದವನ ಮಾತನ್ನು ಯಾವ ಕೋರ್ಟು ಕೇಳುತ್ತದೆ? ಜೈಲು ಕಂಡು ಬಂದ ಮೆಕ್ಯಾನಿಕ್ಕನ ಕೈಗೆ ಆಮೇಲೆ ಸೈಕಲ್ಲನ್ನೂ ಯಾರೂ ಕೊಡುವುದಿಲ್ಲ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು.

ಕೇಸು ಮುಗಿಯಿತೆಂದು ನಿಂಗಯ್ಯನಿಗೆ ಮತ್ತೆ ಆನೆಯ ನೆನಪು ಬಂತು. ಪುಟ್ಟಸ್ವಾಮಿ ಮಾತ್ರ ಬೀದಿ ನೋಡುತ್ತ ನಿಂತ. ನಿನ್ನೆ ನವಮಿಯ ಪೂಜೆಯ ಗುರುತು ಎಲ್ಲ ಕಡೆ ಇತ್ತು. ಸೈಕಲ್ಲಿಗೆ ಕುಂಕುಮ, ಲಾರಿಗೆ ಬಾಳೆಕಂಬ, ಹೊಲಿಗೆ ಯಂತ್ರಕ್ಕೆ ಚೆಂಡುಹೂವು. ಈ ಕೊಟ್ಟಿಗೆಯಲ್ಲಿ ಮಾತ್ರ ಒಂದು ಸ್ಪ್ಯಾನರಿಗೂ ಬೊಟ್ಟಿಲ್ಲ.

"ಆಯುಧಪೂಜೆ ಮಾಡಲಿಲ್ಲವೇನೋ?"

"ಓದೊರ್ಷದಿಂದ ಬುಟ್ಬುಟ್ಟೆ ಬುದ್ಧಿ."

"ನಿನ್ನೆ ಏನು ಮಾಡ್ತಿದ್ದೆ?"

"ಕೆಲ್ಸ."

ಊರೆಲ್ಲ ಉಪಕರಣ ಪೂಜೆಗಿಟ್ಟು ಕೈಕಟ್ಟಿ ಕೂತ ದಿನ, ಇವನೊಬ್ಬ ಲಾರಿಯ ಗೇರುಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಲಾರಿಯ ಡ್ರೈವರು ಹೇಳಿಕೆ ಕೊಟ್ಟ. ಸಾಮಾನಿನ ಪೆಟ್ಟಿಗೆಯನ್ನು ಬೆಳಿಗ್ಗೆ ತಾನೇ ಬೋರಲು ಹಾಕಿ ಎಲ್ಲವನ್ನೂ ನೆಲಕ್ಕೆ ಸುರಿದಿದ್ದ, ಸಂಜೆ ತಾನೇ ತುಂಬಿಟ್ಟಿದ್ದ. ಕಾರೂ ಇರಲಿಲ್ಲ ಗೀರೂ ಇರಲಿಲ್ಲ ಎಂದ. ಅಷ್ಟಮಿಯ ರಾತ್ರಿ ಕದ್ದ ಮಾಲು ನವಮಿಯ ಸಂಜೆಯವರೆಗೂ ಪೆಟ್ಟಿಗೆಯಲ್ಲಿ ಇರಲಿಲ್ಲವೆಂದಾಯಿತು. ಆಮೇಲೆ ತಂದಿಟ್ಟವರು ಯಾರೋ ಇದ್ದಾರೆ. ಪೂಜೆಗೆ ಮುಚ್ಚಿದ ಪೆಟ್ಟಿಗೆಯನ್ನು ಇವತ್ತಿನವರೆಗೆ ಯಾರೂ ಮುಟ್ಟುವುದಿಲ್ಲ ಎಂದು ಅವರು ನಂಬಿದ್ದಾರೆ. ನಂಬುವುದರಲ್ಲಿ ತಪ್ಪೂ ಇಲ್ಲ, ಮೈಸೂರಿನಲ್ಲಿ ಮುಟ್ಟುವವರು ಯಾರು?

ಎದುರಿಗೆ ಹೂ ಮಾರುವ ಚೆಲುವಮ್ಮ ಹೆಚ್ಚು ಕೇಳುವ ಮೊದಲೇ ಹೇಳಿದಳು. "ನೆನ್ನೆ ದೀಪ ಹಚ್ಚೋ ಹೊತ್ನಲ್ಲಿ, ಮಾದೇವು ಮನೇಗೆ ಹೋದ್ಮೇಲೆ, ಕರೀ ಕಾರೊಂದು ಬಂದಿತ್ತು ಕಣಪ್ಪ. ಈಬೂತಿ ಇಟ್ಕಂಡಿದ್ದ ಯಜಮಾನ್ರು. ಕೈಯಲ್ಲೊಂದು ಗೋಣಿಗಂಟು. ಪೂಜೆಗೆ ಏನೋ ತಂದವ್ರೆ ಅಂದ್ಕಂಡೆ."

ಮಧ್ಯಾಹ್ನ ಠಾಣೆಯ ಮೇಜಿನ ಮೇಲೆ ಕಾರನ್ನಿಟ್ಟರು. ಮೂರೇ ಚಕ್ರದಲ್ಲಿ ನಿಂತಿದ್ದ ಅದು ಯಾರೂ ಮುಟ್ಟದೆ ಒಂದು ಗೇಣು ಮುಂದೆ ಜಾರಿ ನಿಂತಿತು. ಮೇಜು ವಾಲಿದೆ ಎಂದು ಪುಟ್ಟಸ್ವಾಮಿ ಗದರಿದ. ಇಷ್ಟು ವರ್ಷ ಆ ಮೇಜಿನ ಮೇಲೆ ಪೆನ್ಸಿಲ್ಲೂ ಉರುಳಿರಲಿಲ್ಲ ಎಂದು ನಿಂಗಯ್ಯ ಬಾಯಿಬಿಟ್ಟು ಹೇಳಲಿಲ್ಲ.

ತಂದಿಟ್ಟವರು ಯಾರೆಂದು ಗೊತ್ತಾಯಿತು. ಆದರೆ ಬೀಗದೊಳಗೆ ದಿನಾ ಚಕ್ರ ಬಿಚ್ಚಿದ್ದು ಯಾರು? ಚಕ್ರದ ನಡುವಿನ ನಟ್ಟಿಗೆ ಹಳದಿ ಹತ್ತಿತ್ತು. ಪುಟ್ಟಸ್ವಾಮಿ ಉಗುರಿನಿಂದ ಕೆರೆದು ಮೂಸಿದ. ಅರಿಶಿನ.

ಮಹದೇವು ನಟ್ಟನ್ನು ಬೆಳಕಿಗೆ ಹಿಡಿದು ನೋಡಿದ. "ಬಲಗಡೇ ಚಕ್ರದ ತಿರುಪು ಉಲ್ಟಾ ಬುದ್ಧಿ, ಎಡಕ್ಕೆ ತಿರುಗ್ಸುದ್ರೆ ಬಿಗಿ. ದೊಡ್ಡ ಕಾರಲ್ಲೂ ಅಂಗೇ, ಇದ್ರಲ್ಲೂ ಅಂಗೇ ಮಾಡಿದ್ವಿ. ಗೊತ್ತಿಲ್ದೋರು ಬಲಕ್ಕೆ ತಿರುಗ್ಸವ್ರೆ, ಅರಿಶಿನ ಆ ಕಡೀಕೇ ಮತ್ತೆ ಮತ್ತೆ ಸವರ್ಕಂಡದೆ ನೋಡಿ. ಯಾರೂ ಬಿಚ್ಚಿಲ್ಲ ಇದ್ನ. ಯಾರೋ ಬಿಗಿ ಮಾಡಕ್ಕೆ ಒದ್ದಾಡವ್ರೆ."

"ಅವತ್ತು ದೊಡ್ಡ ಕಾರಿನ ಚಕ್ರ ನೀನು ಯಾಕೆ ಬಿಗೀಲಿಲ್ಲ?"

ಮಹದೇವು ನಟ್ಟನ್ನು ಮೇಜಿನ ಮೇಲಿಟ್ಟ. ತಾಮ್ರದ ಸುತ್ತಿಗೆಯಲ್ಲಿ ಬಡಿದರೇ ಆ ನಟ್ಟು ಬಿಗಿಯಾಗುವುದು, ಸುತ್ತಿಗೆ ಪೂಜೆಯಲ್ಲಿತ್ತು ಎಂದ. ತೆಗೆದುಕೊಳ್ಳಬೇಡ ಅಂದವರು ಯಾರು ಎಂದರೆ ತಲೆ ತಗ್ಗಿಸಿದ. ಹೆಸರು ಹೇಳಿದರೆ ಬಿಡುಗಡೆ ಎಂದರೂ, ಜೈಲು ಎಂದರೂ ಅವನ ಬಾಯಿಂದ ಹೆಸರು ಬರಲಿಲ್ಲ.

ಮರುದಿನ ಪುಟ್ಟಸ್ವಾಮಿ ಮ್ಯಾಜಿಸ್ಟ್ರೇಟರಿಂದ ವಾರಂಟು ಪಡೆದು, ಕಾರನ್ನೂ ಮಹದೇವುವನ್ನೂ ಕರೆದುಕೊಂಡು ಯಾದವಗಿರಿಗೆ ಹೋದ. ಸುಳ್ಳು ದೂರು, ಸುಳ್ಳು ಸಾಕ್ಷ್ಯದ ಸೃಷ್ಟಿ ಎಂದು ಓದಿ ಹೇಳಿದಾಗ ವೃಷಭೇಂದ್ರಪ್ಪನವರು ಒಂದನ್ನೂ ಅಲ್ಲಗಳೆಯಲಿಲ್ಲ.

"ಹೌದು, ನಾನೇ ಇಟ್ಟೆ. ಎಂಟು ದಿನ ನನ್ನ ಮಗ ಬಂದು ಆ ಚಕ್ರ ಬಿಚ್ಚಿ ತೋರಿಸಿದ. ಅಪ್ಪ, ನನ್ನ ಕೊಂದೋನು ಆರಾಮವಾಗಿದ್ದಾನಲ್ಲ ಅಂತ ಕೇಳಿದ. ಸುಮ್ಮನಿರೋಕೆ ನಾನೇನು ಕಲ್ಲಾ?"

"ಅವನಲ್ಲ, ನಾನು," ಎಂದರು ಪ್ರೇಮಲೀಲಾ.

ಆಕೆ ಗಂಡನನ್ನು ನೋಡಲಿಲ್ಲ. ಅರಿಶಿನದ ಬೆರಳುಗಳಲ್ಲಿ ಸೆರಗು ಹಿಂಡುತ್ತ ಮಹದೇವುವಿನ ಕಡೆಗೇ ನೋಡುತ್ತ ಹೇಳಿದರು. "ಅವತ್ತು ಇವನು ಸುತ್ತಿಗೆ ಕೊಡಿ ಅವ್ವ ಅಂತ ಕೇಳಿದ. ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಬಾರದು ಅಂದೆ. ಕೈಯಲ್ಲೇ ಬಿಗಿದಿದೀನಿ, ಚಿಕ್ಕೆಜಮಾನ್ರಿಗೆ ಕಾರು ಆಚೆ ತೆಗೀಬೇಡಿ ಅಂತ ಹೇಳಿ ಅಂತ ಹೇಳಿಯೇ ಹೋದ. ಹಬ್ಬದ ಗಡಿಬಿಡೀಲಿ ಶಶಿಗೆ ಹೇಳೋದು ಮರೆತೆ. ಇವನು ವರ್ಷದಿಂದ ಬೈಸಿಕೊಂಡ, ನನ್ನ ಹೆಸರು ಎತ್ತಲಿಲ್ಲ. ಈ ನವರಾತ್ರೀಲಿ ದಿನಾ ಎದ್ದು, ದೇವರಮನೆಯಿಂದ ಬೀಗದ ಕೈ ತಗೊಂಡು, ಕತ್ತಲಲ್ಲಿ ಆ ನಟ್ಟು ಬಿಗೀತಿದ್ದೆ. ಬೆಳಗಾದ್ರೆ ಬಿಚ್ಚಿರ್ತಿತ್ತು. ಶಶಿ ಇನ್ನೂ ಕ್ಷಮಿಸಿಲ್ಲ ಅಂದ್ಕೊಂಡೆ."

ಪುಟ್ಟಸ್ವಾಮಿ ನಿಯಮ ಗೊತ್ತಿದ್ದೂ, ವಶದಲ್ಲಿದ್ದ ಕಾರನ್ನು ಆಕೆಯ ಮುಂದಿಟ್ಟ. ಮಹದೇವು ಚಕ್ರ ಸಿಕ್ಕಿಸಿದ. ಆಕೆಯ ಬೆರಳನ್ನು ನಟ್ಟಿನ ಮೇಲೆ ತಾನೇ ಇರಿಸಿದ.

"ಈ ಕಡೀಕೆ ಅವ್ವ. ಎಡಕ್ಕೆ."

ಒಂದು, ಎರಡು, ಮೂರು ಸುತ್ತು. ನಟ್ಟು ನಿಂತಿತು. ಆಕೆ ಮತ್ತೆ ಮತ್ತೆ ಅಲುಗಿಸಿ ನೋಡಿದರು, ಚಕ್ರ ಅಲುಗಲಿಲ್ಲ. ಆಗ ಆಕೆಗೆ ಅಳು ಬಂತು. ವರ್ಷದ ಅಳು.

ಮುಂದೆ ದೋಷಾರೋಪ ಪಟ್ಟಿಯಲ್ಲಿ ಕೃತ್ಯಕ್ಕೆ ಕಾರಣ ಬರೆಯುವಾಗ ಪುಟ್ಟಸ್ವಾಮಿ 'ಪುತ್ರಶೋಕದಿಂದ ಉಂಟಾದ ವೈಷಮ್ಯ' ಎಂದಷ್ಟೇ ಬರೆದ. ಸುತ್ತಿಗೆಯ ಮಾತು ಎಲ್ಲಿಯೂ ಬರಲಿಲ್ಲ.

ಅವತ್ತು ವೃಷಭೇಂದ್ರಪ್ಪನವರಿಗೆ ಕೋಳ ತೊಡಿಸಲಿಲ್ಲ. ಮೆಟ್ಟಿಲಿಳಿದು ಜೀಪಿನ ಹತ್ತಿರ ಬಂದವರು ಹತ್ತದೆ ನಿಂತರು. ಆಮೇಲೆ ಪಂಚೆ ಮಣ್ಣಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿ, ಬಲಗಡೆಯ ಮುಂದಿನ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ನೋಡತೊಡಗಿದರು. ಅವರು ಮುಗಿಸುವವರೆಗೂ ನಿಂಗಯ್ಯ ಬಾಗಿಲು ಹಿಡಿದುಕೊಂಡೇ ನಿಂತಿದ್ದ.