ಅಳಿಸಿದ ನಂಬರ್

"ನೂರ ಅರವತ್ತೆಂಟು!" ಬೀಪಿ ಮೆಷಿನ್ ನೋಡಿ ಸಾಸಿವೆ ಕೂಗಿದಳು. "ಅಜ್ಜೀ, ನಿನ್ನೆ ನೂರ ಮೂವತ್ತೆರಡೇ ಇತ್ತು!"

"ಒಂದಿನ ಏರುತ್ತೆ, ಒಂದಿನ ಇಳಿಯುತ್ತೆ. ನಾನೇನು ಮನುಷ್ಯಳೋ, ಲಿಫ್ಟೋ?" ಅಜ್ಜಿ ತೋಳಿನ ಪಟ್ಟಿ ಕಿತ್ತು, ಅರ್ಧ ಹೊಲಿದ ಅಂಗಿ ಕೈಗೆತ್ತಿಕೊಂಡಳು.

ಅಂಗೈಯಗಲವಷ್ಟೇ ಇದ್ದು ಹುಟ್ಟಿದ ಮೊಮ್ಮಗಳಿಗೆ ಸಾಸಿವೆ ಎಂದು ಹೆಸರಿಟ್ಟವಳು ಅಜ್ಜಿಯೇ. ದಿನಾ ಅಜ್ಜಿಯ ಬೀಪಿ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ಸಾಸಿವೆಯದು. ಇವತ್ತು ಸಂಜೆ ಅದನ್ನು ಡಾಕ್ಟರಿಗೆ ತೋರಿಸಬೇಕಿತ್ತು.

"ನೂರ ಮೂವತ್ತು ಅಂತ ಬರಿ."

"ಸುಳ್ಳು ಬರೀಲಾ?"

"ಮೊನ್ನೆದೂ ಅಳಿಸು. ಡಾಕ್ಟರ್ ನೋಡಿದ್ರೆ ಹೊಲಿಗೆ ಬಿಟ್ಟು ಮಲಗಿ ಅಂತಾರೆ. ಅಮ್ಮನಿಗೂ ಹೇಳ್ಬೇಡ."

ಸಾಸಿವೆ ರಬ್ಬರ್ ಹುಡುಕಿದಳು.

ಸ್ಕೂಲಿನಲ್ಲಿ ಯಾವ ಲೆಕ್ಕ ಮಾಡಿದರೂ ನೂರ ಅರವತ್ತೆಂಟೇ ಕಣ್ಣ ಮುಂದೆ ಬಂತು. ಮಧ್ಯಾಹ್ನದ ಊಟದ ಡಬ್ಬಿ ಹಾಗೇ ಮನೆಗೆ ವಾಪಸ್ ಬಂತು.

ಸಂಜೆ ಡಾಕ್ಟರಮ್ಮ ಅಜ್ಜಿಯ ಬೀಪಿ ನೋಡಿ, ಪುಸ್ತಕದ ಮೇಲೆ ಕಣ್ಣಾಡಿಸಿದರು. "ಭೇಷ್! ಈಗ್ಲೂ ನೂರ ಮೂವತ್ತಾರೇ ಇದೆ. ಇದೇ ಮಾತ್ರೆ ಸಾಕು."

ಅಜ್ಜಿ ಸಾಸಿವೆಗೆ ಕಣ್ಣು ಮಿಟುಕಿಸಿ ಎದ್ದಳು. ಸಾಸಿವೆ ಕುರ್ಚಿ ಬಿಟ್ಟು ಏಳಲಿಲ್ಲ.

"ಇಲ್ಲ ಡಾಕ್ಟರ್! ಬೆಳಗ್ಗೆ ನೂರ ಅರವತ್ತೆಂಟಿತ್ತು. ಮೊನ್ನೆ ನೂರ ಎಪ್ಪತ್ತು. ನಾನೇ ಅಳಿಸಿ ಸುಳ್ಳು ಬರ್ದೆ!"

ಅಜ್ಜಿ ಮತ್ತೆ ಕುರ್ಚಿಯಲ್ಲಿ ಕುಸಿದಳು. ಡಾಕ್ಟರಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸ್ವಲ್ಪ ಏರಿಳಿತ ಎಲ್ರಿಗೂ ಇರುತ್ತೆ. ಆದ್ರೆ ಇಷ್ಟೊಂದು ಏರ್ತಿದ್ರೆ ಹಾರ್ಟ್ ಸುಸ್ತಾಗುತ್ತೆ. ಮಾತ್ರೆ ದಿನಾ ತಗೋತೀರಾ?"

"ನೆನಪಾದಾಗ," ಅಜ್ಜಿ ನೆಲ ನೋಡುತ್ತ ಹೇಳಿದಳು. "ಹೊಲಿಗೆ ಬಿಡ್ಬೇಕಾ?"

"ಹೊಲಿಗೆ ಯಾಕೆ ಬಿಡ್ತೀರಿ? ಮಾತ್ರೆ ಬಿಡ್ಬೇಡಿ. ಈಗ ಒಂದು ಇಸಿಜಿ ತೆಗೆದು ನೋಡೋಣ."

ಅಜ್ಜಿ ಸಾಸಿವೆಯ ಕಡೆ ತಿರುಗಿಯೂ ನೋಡದೆ ಪಕ್ಕದ ಕೋಣೆಗೆ ನಡೆದಳು. ಇನ್ನು ತನ್ನ ಜೊತೆ ಮಾತೇ ಆಡುವುದಿಲ್ಲವೇನೋ ಎಂದು ಸಾಸಿವೆಗೆ ಅಳು ಬಂತು.

ನರ್ಸ್ ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ, ಒಂದೊಂದೇ ವೈರ್ ಅಂಟಿಸಿದಳು. "ಪಾಪು, ನೀನು ಹೊರಗೆ ಕೂತ್ಕೋ."

ಅಜ್ಜಿ ತಟ್ಟನೆ ಕೈ ಚಾಚಿ ಸಾಸಿವೆಯ ಬೆರಳು ಹಿಡಿದುಕೊಂಡಳು. ಆ ಕೈ ಮಂಜುಗಡ್ಡೆಯಂತೆ ತಣ್ಣಗಿತ್ತು.

"ಇವಳು ಇಲ್ಲೇ ಇರ್ಲಿ," ಎಂದಳು ಅಜ್ಜಿ. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ಸಾಸಿವೆ ಎಂದೂ ಕೇಳಿರಲಿಲ್ಲ.

ಕತ್ತಲಿಗೆ ಹೆದರಿದಾಗ ತಾನು ಅಮ್ಮನನ್ನು ಹಿಡಿದುಕೊಳ್ಳುವುದೂ ಹೀಗೆಯೇ.

ಸಾಸಿವೆ ಸ್ಟೂಲ್ ಎಳೆದುಕೊಂಡು ಹತ್ತಿರ ಕೂತಳು. ಆ ದೊಡ್ಡ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿಟ್ಟುಕೊಂಡಳು.