ಬಟ್ಟಲು ಹೋಗುವಷ್ಟು ದೂರ

"ಹ್ವಾಯ್ ಹೆಣೆ, ಎಂತ ಮೀನ್?"

ಥರ್ಮೋಕೋಲ್ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದ ನವ್ಯಶ್ರೀಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಈ ಸಲ ಕೇಳಿದವಳು ಅವಳ ಮನೆಯ ಸಾಲಿನಲ್ಲೇ ಇರುವ, ಮೀನು ಮಾರುವ ವನಜಕ್ಕ. ಮರವಂತೆಯಲ್ಲಿ ಐಸ್ ಪೆಟ್ಟಿಗೆ ಹಿಡಿದವರನ್ನು ಯಾರಾದರೂ ಸುಮ್ಮನೆ ಬಿಟ್ಟಾರೆಯೇ?

"ಮೀನಲ್ಲ ವನಜಕ್ಕ."

"ಮೀನಲ್ದಿದ್ರೆ ಐಸ್ ಎಂತಕ್ಕೆ?"

"ಅದ್... ಸಯನ್ಸ್."

"ಸಯನ್ಸಾ? ಕೆ.ಜಿ.ಗ್ ಎಷ್ಟ್?"

ನವ್ಯಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಪೆಟ್ಟಿಗೆಯಲ್ಲಿದ್ದದ್ದು ಪುಟ್ಟ ಪುಟ್ಟ ಡಬ್ಬಿಗಳು. ಡಬ್ಬಿಗಳಲ್ಲಿದ್ದದ್ದು, ಹೇಳಲೇಬೇಕಲ್ಲ, ಕೇರಿಯವರ ಕಕ್ಕ. ವನಜಕ್ಕ ತಾನೇ ಬೆಳಿಗ್ಗೆ ಕೊಟ್ಟ ಡಬ್ಬಿಯೂ ಅದರೊಳಗೇ ಇತ್ತು. ಪಾಪ, ಒಂದು ಬೆಕ್ಕು ಬೇರೆ ಬಂಗುಡೆ ಮೀನಿನ ಆಸೆಯಿಂದ ಮನೆಯಿಂದಲೇ ಹಿಂದೆ ಹಿಂದೆ ಬಂದಿತ್ತು.

ಅಷ್ಟರಲ್ಲಿ ಕೊನೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ದಿವ್ಯಾ ಚಿಕ್ಕಿ ಓಡಿ ಬಂದಳು. ಅವಳು ನವ್ಯಳ ಅಮ್ಮನ ತಂಗಿ. ಉಡುಪಿ ಕಡೆಯ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಪರೀಕ್ಷೆಗೆ ಮೊದಲು ಒಂದು ಪ್ರಾಜೆಕ್ಟ್ ಮುಗಿಸಬೇಕಿತ್ತು, ಅದಕ್ಕೆ ತನ್ನ ಊರಿನವರ ಹೊಟ್ಟೆಯನ್ನೇ ಆರಿಸಿಕೊಂಡಿದ್ದಳು.

"ನಮ್ ಹೊಟ್ಟಿಯಂಗೆ ಕೋಟಿಗಟ್ಲೆ ಬ್ಯಾಕ್ಟೀರಿಯಾ ಇತ್ತ್. ಹೆದರ್ಬೇಡ, ಹೆಚ್ಚಿನದ್ದೆಲ್ಲ ನಮ್ ದೋಸ್ತಿಗಳೇ," ಎಂದು ಅವಳು ಮೊದಲ ದಿನವೇ ನವ್ಯಳಿಗೆ ಹೇಳಿದ್ದಳು. "ಗಟ್ಟಿಮುಟ್ಟಾಗಿಪ್ಪವ್ರ್ ಗಿಡಮೂಲಿಕೆ ಕ್ಯಾಪ್ಸೂಲ್ ತಿಂದ್ರೆ ಆ ದೋಸ್ತಿಗಳಿಗ್ ಎಂತ ಆತ್ತ್? ಹೆಚ್ಚಾತ್ತಾ, ಕಮ್ಮಿ ಆತ್ತಾ, ಎಂತದೂ ಆತಿಲ್ಯಾ? ಅದನ್ನೇ ಕಾಂಬುದ್."

ಕೇರಿಯ ಅರ್ಧ ಜನರಿಗೆ ಕೆಂಪು ಕ್ಯಾಪ್ಸೂಲ್, ಅರ್ಧ ಜನರಿಗೆ ನೀಲಿ. ಒಂದು ಬಣ್ಣದ್ದರಲ್ಲಿ ಗಿಡಮೂಲಿಕೆಯ ಪುಡಿ, ಇನ್ನೊಂದರಲ್ಲಿ ಬರೀ ಅಕ್ಕಿ ಹಿಟ್ಟು. ಯಾವುದರಲ್ಲಿ ಯಾವುದು ಅನ್ನುವ ಗುಟ್ಟು ಚಿಕ್ಕಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಕಾಲೇಜಿನ ಮೇಡಂಗೆ ಮಾತ್ರ.

"ಕೆಂಪಿನವ್ರ್ ಕೆಂಪೇ ತಿನ್ಕ್, ನೀಲಿಯವ್ರ್ ನೀಲಿಯೇ ತಿನ್ಕ್. ಅದಲ್ ಬದಲ್ ಆದ್ರೆ ನನ್ ಕೆಲ್ಸ ಎಲ್ಲ ಹೊಳಿಯಂಗೆ ಹುಣ್ಸೆಹಣ್ಣ್ ತೊಳ್ದಂಗೆ. ನಾನಿಲ್ಲದಿಪ್ಪತ್ತಿಗೆ ನೀನೇ ಇಲ್ಲಿ ಲೀಡರ್, ಆತ್ತಾ?"

ಲೀಡರ್. ಶಾಲೆಯಲ್ಲಿ ಪ್ರತಿವರ್ಷ ಅವಳ ತರಗತಿಯ ಪ್ರಖ್ಯಾತ್ ಎಂಬ ಹುಡುಗನೇ ಲೀಡರ್ ಆಗುತ್ತಿದ್ದ. ನವ್ಯಳನ್ನು ಯಾರೂ ಒಂದು ಸಲವೂ ಆ ಹೆಸರಿನಿಂದ ಕರೆದಿರಲಿಲ್ಲ. ಪೆಟ್ಟಿಗೆಯೊಂದಿಗೆ ಚಿಕ್ಕಿ ಹತ್ತಿದ ಬಸ್ ಹೊರಟ ಮೇಲೆ ಅವಳು ಖಾಲಿ ಕೈ ಬೀಸಿಕೊಂಡು, ಬೆಕ್ಕಿನ ಮುಂದೆ ಠೀವಿಯಿಂದ ಮನೆಗೆ ನಡೆದಳು.

ಸಂಜೆ ಅಮ್ಮಮ್ಮ ಕರೆದರು. "ಹೆಣೆ, ಈ ಸಾರ್ ಪದ್ದುಗೆ ಕೊಟ್ಟ್ ಬಾ."

ಪದ್ದು ಅಮ್ಮಮ್ಮ ಪಕ್ಕದ ಮನೆಯವರು. ಇಬ್ಬರು ಅಮ್ಮಮ್ಮಂದಿರ ನಡುವೆ ಆ ಸ್ಟೀಲ್ ಬಟ್ಟಲು ನವ್ಯ ಹುಟ್ಟುವ ಮೊದಲಿನಿಂದಲೂ ಓಡಾಡುತ್ತಿತ್ತು. ಹೋಗುವಾಗ ಅದರಲ್ಲಿ ಮೀನು ಸಾರು, ಬರುವಾಗ ಹಲಸಿನ ಹಪ್ಪಳವೋ ಲಿಂಬೆಹಣ್ಣೋ ಇನ್ನೇನೋ. ಏನೂ ಇಲ್ಲದಿದ್ದರೆ ಎರಡು ಹಸಿರು ಕಾಯಿಮೆಣಸು. ಖಾಲಿ ಬಟ್ಟಲು ಮಾತ್ರ ವಾಪಸ್ ಬಂದದ್ದೇ ಇಲ್ಲ.

ಬೇಲಿ ದಾಟುವಾಗ ನವ್ಯ ಎಡವಿದಳು. ಸಾರು ಚೆಲ್ಲಲಿಲ್ಲ. ಆದರೆ ಮುಚ್ಚಳದ ಮೇಲೆ ಮಡಚಿ ಇಟ್ಟಿದ್ದ ಬಾಳೆ ಎಲೆಯ ಚೂರು ಕೆಳಗೆ ಬಿತ್ತು. ದಿನವೂ ಅದರಲ್ಲಿ ಅಡಿಕೆ ಇರುತ್ತದೆಂದೇ ಅವಳು ತಿಳಿದಿದ್ದಳು. ಎಲೆ ಬಿಚ್ಚಿಕೊಂಡಿತು. ಒಂದು ಕೆಂಪು ಕ್ಯಾಪ್ಸೂಲ್ ಉರುಳಿ ಹೊರಬಂತು.

ಪದ್ದು ಅಮ್ಮಮ್ಮ ನೀಲಿಯವರಲ್ಲವೇ? ಅವಳು ಅದನ್ನು ಮತ್ತೆ ಎಲೆಯಲ್ಲಿ ಸುತ್ತಿಕೊಂಡು ಆಚೆ ಮನೆಗೆ ಹೋದಳು.

ಪದ್ದು ಅಮ್ಮಮ್ಮ ಬಟ್ಟಲು ತೊಳೆದು, ಹಪ್ಪಳ ಹಾಕಿ, ಹಪ್ಪಳದ ಅಡಿಗೆ ಒಂದು ನೀಲಿ ಕ್ಯಾಪ್ಸೂಲ್ ಇಟ್ಟರು. "ಅವ್ಳ್ ಒಳ್ಳೆದ್ದ್ ಕೊಡ್ತ್ಲ್. ನಾನ್ ಸುಮ್ನೆ ತಕಂಬುಕಾತ್ತಾ ಮಗಾ?"

ಮನೆಗೆ ಬಂದು ಕೇಳಿದರೆ ಅಮ್ಮಮ್ಮನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. "ಕೆಂಪ್ ಗುಳ್ಗಿ ತಿಂದ್ ನನ್ ಹೊಟ್ಟೆ ಹತ್ತಿ ಹಾಂಗೆ ಹಗುರ ಆಯ್ತ್. ಪದ್ದುಗ್ ನೀಲಿಯಂಗೆ ಎಂತದೂ ಸುಖ ಇಲ್ಲೆ ಅಂಬ್ರ್. ಅವ್ಳನ್ ಬಿಟ್ಟ್ ನಾ ಒಬ್ಳೇ ತಿಂದ್ರೆ ಗಂಟ್ಲಂಗ್ ಇಳಿತ್ತಾ?"

ನವ್ಯಳಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ. ಹೇಳಿದರೆ ಚಿಕ್ಕಿಯ ಕೆಲಸ ಹಾಳು, ಅಮ್ಮಮ್ಮನಿಗೆ ಬೈಗುಳ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದು ಹೋದರೆ ಒಂದು ಬರುತ್ತಿತ್ತಲ್ಲ, ಕ್ಯಾಪ್ಸೂಲ್ ಬಾಟಲಿಗಳ ಲೆಕ್ಕ ಚೊಕ್ಕವಾಗಿಯೇ ಇತ್ತು. ಅಷ್ಟಕ್ಕೂ ದಿನಾ ಬಟ್ಟಲು ಹೊತ್ತವರು ಯಾರು? ಸಾಕ್ಷಾತ್ ಲೀಡರೇ.

ಶನಿವಾರ ಚಿಕ್ಕಿ ಬಂದಳು. ಉಳಿದ ಕ್ಯಾಪ್ಸೂಲ್‌ಗಳನ್ನು ಎಣಿಸಿ ನವ್ಯಳ ಬೆನ್ನು ತಟ್ಟಿದಳು. "ಒಂದೂ ತಪ್ಪಿಲ್ಲೆ. ಸೂಪರ್ ಲೀಡರ್ ಮಾರಾಯ್ತಿ ನೀನ್." ಬ್ಯಾಗಿನಿಂದ ಒಂದು ಜೆಲ್ ಪೆನ್ ತೆಗೆದು ಅವಳ ಕೈಗಿಟ್ಟಳು.

ಪೆನ್ ಬಹಳ ಚೆನ್ನಾಗಿತ್ತು. ಅದಕ್ಕೇ ನವ್ಯಳಿಗೆ ತಡೆಯಲಾಗಲಿಲ್ಲ.

"ಚಿಕ್ಕಿ, ಲೆಕ್ಕ ಸರಿ ಇತ್ತ್. ಹೊಟ್ಟೆ ಸರಿ ಇಲ್ಲೆ."

"ಯಾರ್ ಹೊಟ್ಟೆ?"

"ಎಲ್ಲರದ್ದೂ," ಎಂದ ನವ್ಯ ಎಲೆ ಚೂರಿನಿಂದ ಹಪ್ಪಳದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಚಿಕ್ಕಿ ಜಗಲಿಯ ಮೇಲೆ ಕುಸಿದು ಕೂತಳು. ಪದ್ದು ಅಮ್ಮಮ್ಮನನ್ನು ಕರೆಸಿದರೆ, "ನಾವಿಬ್ರೇ ಅಲ್ಲ, ವನಜನೂ ಆಚಿ ಮನಿಯವ್ರಿಗೆ ಕೊಟ್ಟಿದ್ಲ್," ಎಂದು ಇನ್ನೊಂದು ಸುದ್ದಿ ಕೊಟ್ಟರು.

"ನಾವೆಂತ ಕದ್ದದ್ದಾ?" ಅಮ್ಮಮ್ಮನ ದನಿ ಸಣ್ಣಗಾಯಿತು. "ಹಂಚ್ಕಂಡ್ ತಿಂದದ್ದ್."

"ಹಂಚ್ಕಂಬುದ್ ತಪ್ಪಲ್ಲ ಅಮ್ಮ. ಆದ್ರೆ ಯಾರ್ ಹೊಟ್ಟಿಗ್ ಎಂತ ಹೋಯ್ತ್ ಅಂದೇಳಿ ನಂಗ್ ಹ್ಯಾಂಗ್ ಗೊತ್ತಾಪುದ್?" ಚಿಕ್ಕಿಯ ಕಣ್ಣು ತುಂಬಿತು.

ನವ್ಯ ಪೆನ್ನನ್ನು ಮೆಲ್ಲಗೆ ಚಿಕ್ಕಿಯ ಬ್ಯಾಗಿನ ಪಕ್ಕ ಇಟ್ಟಳು. ಅವಳಿಗೆ ಅಳು ಬರುವಂತಾಗಿತ್ತು. ಎಲ್ಲಿ ನೋಡುವುದೆಂದು ತಿಳಿಯದೆ ಜಗಲಿಯ ಕಟ್ಟೆಯ ಮೇಲೆ ಬೋರಲಾಗಿದ್ದ ಸ್ಟೀಲ್ ಬಟ್ಟಲನ್ನು ನೋಡಿದಳು. ಆಚೆ ಹೈವೇಯಲ್ಲಿ ಲಾರಿಗಳು ಒಂದರ ಹಿಂದೊಂದು ಗುಡುಗುಡು ಹೋಗುತ್ತಿದ್ದವು.

"ಚಿಕ್ಕಿ," ಎಂದಳು. "ಬಟ್ಲ್ ಹೈವೇ ದಾಟುದಿಲ್ಲೆ."

"ಎಂತ?"

"ಅಮ್ಮಮ್ಮನ ಬಟ್ಲ್ ಈ ಸಾಲ್ ಮನಿಗಳಿಗ್ ಮಾತ್ರ ಹೋಪುದ್. ಹೈವೇ ಆಚಿ ಸಾಲಿನವ್ರಿಗ್ ಹೋತಿಲ್ಲೆ. ಲಾರಿ ಮಧ್ಯ ಬಿಸಿ ಸಾರ್ ಹಿಡ್ಕಂಡ್ ಯಾರ್ ದಾಟ್ತ್ರ್? ಬಟ್ಲ್ ಎಲ್ಲಿವರಿಗ್ ಹೋತ್ತೋ ಅಲ್ಲಿವರಿಗ್ ಒಂದೇ ಬಣ್ಣ ಕೊಟ್ರೆ? ಆಗ ಹಂಚ್ಕಂಡ್ರೂ ಅದೇ ಬಣ್ಣ ಅಲ್ದಾ?"

ಚಿಕ್ಕಿ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದಳು. ಆಮೇಲೆ ಫೋನ್ ಎತ್ತಿಕೊಂಡು ಅಂಗಳಕ್ಕೆ ಹೋದಳು. ಮೊದಲು ಮೇಡಂ ಬೈದದ್ದು ಜಗಲಿಯವರೆಗೂ ಕೇಳಿತು. ಬಹಳ ಹೊತ್ತಿನ ನಂತರ ಅವರು ನಕ್ಕದ್ದೂ ಕೇಳಿತು.

"ಹೊಸ್ತಾಗಿ ಶುರು ಮಾಡುಕೆ ಒಪ್ಪಿದ್ರ್," ಎನ್ನುತ್ತಾ ಚಿಕ್ಕಿ ಒಳಗೆ ಬಂದಳು. "ಸ್ವಲ್ಪ ದಿನ ಯಾರೂ ಎಂತದೂ ತಿಂಬುಕಿಲ್ಲೆ. ಆಮೇಲೆ ಒಂದೊಂದ್ ಸಾಲ್ ಮನಿಗೂ ಚೀಟಿ ಎತ್ತಿ, ಹಳದಿಯೋ ಹಸಿರೋ, ಸಾಲಿಗೆಲ್ಲ ಒಂದೇ ಬಣ್ಣ. ಮತ್ತೆ ಅಮ್ಮ, ಹಳೇ ಗುಟ್ಟೂ ಹೇಳಿದ್ರ್. ಕೆಂಪಿನಂಗ್ ಇದ್ದದ್ದ್ ಬರೀ ಅಕ್ಕಿ ಹಿಟ್ಟ್."

ಅಮ್ಮಮ್ಮ ಬಾಯಿ ತೆರೆದವರು ಮುಚ್ಚಲಿಲ್ಲ. ಪದ್ದು ಅಮ್ಮಮ್ಮ ನಕ್ಕು ನಕ್ಕು ಕಂಬ ಹಿಡಿದುಕೊಂಡರು.

"ಅಕ್ಕಿ ಹಿಟ್ಟಾದ್ರೂ ಹೊಟ್ಟೆ ಹಗುರ ಆದ್ದ್ ಸುಳ್ಳಲ್ಲ," ಎಂದರು ಅಮ್ಮಮ್ಮ ಕೊನೆಗೆ, ಸೋಲೊಪ್ಪದೆ.

ಚಿಕ್ಕಿ ಪೆನ್ನನ್ನು ಎತ್ತಿ ನವ್ಯಳ ಜಡೆಗೆ ಸಿಕ್ಕಿಸಿದಳು.

ಸಂಜೆ ಬಟ್ಟಲು ಮತ್ತೆ ಹೊರಟಿತು, ಈ ಸಲ ಬರೀ ಸಾರು. ಪದ್ದು ಅಮ್ಮಮ್ಮ ಬಟ್ಟಲು ತೊಳೆದು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ನೋಡಿದರು. ಹಪ್ಪಳ ಮುಗಿದಿತ್ತು. ಲಿಂಬೆಯೂ ಇರಲಿಲ್ಲ. ಹಿತ್ತಲಿಗೆ ಹೋಗಿ ಎರಡು ಕಾಯಿಮೆಣಸು ಕಿತ್ತು ತಂದು ಹಾಕಿದರು.

ಬೇರೆ ದಿನವಾದರೆ ನವ್ಯ ಬಟ್ಟಲನ್ನು ಗಿಲಕಿಯ ಹಾಗೆ ಆಡಿಸುತ್ತಾ ಓಡಿಬಿಡುತ್ತಿದ್ದಳು. ಇವತ್ತು ಬೇಲಿಯ ಹತ್ತಿರ ನಿಂತು ಒಳಗೆ ನೋಡಿದಳು. ಒಳ್ಳೆಯದು ಎಂದುಕೊಂಡು ಅಮ್ಮಮ್ಮ ಕೊಟ್ಟದ್ದು ಅಕ್ಕಿ ಹಿಟ್ಟು. ಬಟ್ಟಲು ಖಾಲಿ ಹೋಗಬಾರದೆಂದು ಪದ್ದು ಅಮ್ಮಮ್ಮ ಇಟ್ಟದ್ದು ನಿಜವಾದ ಗಿಡಮೂಲಿಕೆ. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಇಬ್ಬರೂ ಕೊಟ್ಟೇ ಕೊಡುತ್ತಿದ್ದರು.

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಂಬಿದ ಸಾರು ಒಯ್ಯುವಾಗ ನಡೆಯುವಷ್ಟೇ ಮೆಲ್ಲಗೆ, ಎರಡು ಕಾಯಿಮೆಣಸನ್ನು ಮನೆಗೆ ತಂದಳು.