ಎತ್ತರವೋ, ಮೆತ್ತಗೋ

"ಲೋಡು ಎಷ್ಟು ಮಣ ಬೀಳ್ತದೆ?" ಅಂತ ಗ್ಯಾರೇಜಿನ ಮೇಸ್ತ್ರಿ ಕೆಂಪಯ್ಯ ಕೇಳಿದ. ತರಕಾರಿ ಲೋಡು ಅಂದುಕೊಂಡಿದ್ದ.

ಉತ್ತರ ಪಿಕಪ್ಪಿನ ಹಿಂದಿನಿಂದ ಬಂತು. "ಮೊದ್ಲು ನಾಕು ಮಣ ಇದ್ದೆ ಕಣಣ್ಣ. ಈಗ ಮೂರಕ್ಕೆ ಇಳ್ದಿದ್ದೀನಿ."

ಕೆಂಪಯ್ಯ ಇಣುಕಿದ. ಹಾಸಿಗೆಯ ಮೇಲೆ ಅಂಗಾತ ಮಲಗಿದ್ದ ದೇವಿರಮ್ಮ ನಗುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ಕೂತಿದ್ದರು. ಕೆಂಪಯ್ಯನಿಗೆ ನಗಲು ಆಗಲಿಲ್ಲ.

ಬೆನ್ನುಮೂಳೆಗೆ ಕ್ಷಯ, ಯಾವ ಔಷಧಿಗೂ ಬಗ್ಗದಷ್ಟು ಮುಂದುವರಿದಿತ್ತು. ಸೋಮವಾರ ವಾರ್ಡಿಗೆ ಸೇರಿಸಿ, ಆಸೆ ಮಾತ್ರ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರು ಆಗತಾನೆ ಹೇಳಿ ಕಳಿಸಿದ್ದರು. ಒಂದು ಸುಳ್ಳು ಹೇಳಿದ್ದರೆ ಆ ಮಹಾನುಭಾವರ ಗಂಟೇನು ಹೋಗುತ್ತಿತ್ತೋ!

ಪಿಕಪ್ಪು ಮಹದೇವುವಿನದು. ಚಾಮುಂಡಿ ಬೆಟ್ಟದ ಆಚೆ ಮಗ್ಗುಲಿನ ಊರಿಂದ ಮಂಡಿ ಮೊಹಲ್ಲಾಕ್ಕೆ ತರಕಾರಿ ಸಾಗಿಸುತ್ತಿದ್ದ. ಪಕ್ಕದ ಮನೆಯ ದೇವಿರಮ್ಮನಿಗೂ ಅವನಿಗೂ ಮದುವೆ ಗೊತ್ತಾಗಿತ್ತು. ಕಾಯಿಲೆ ತಿಳಿದ ಮೇಲೆ ಅವಳೇ ಬೇಡವೆಂದಳು. "ಬೇರೆ ಹುಡುಗೀನ ನೋಡ್ಕೋ ಮಹದೇವು." ಅವನು ನೋಡಲಿಲ್ಲ. ವಾರ್ಡಿಗೆ ಹೋಗುವ ಮೊದಲು ಅವಳು ಒಂದು ಸಲ ತನ್ನನ್ನು ಗಂಡನೆಂದು ಒಪ್ಪಬೇಕು, ಅದೊಂದೇ ಅವನ ಹಟ. ಸೋಮವಾರ ಅವಳನ್ನು ಊರಿಂದ ಕರೆತರಲು ಗಾಡಿ ಸರಿಮಾಡಿಸಬೇಕೆಂದು ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದಿದ್ದ.

"ಆಕ್ಸಲ್ ಮೇಲೆ ಕಬ್ಬಿಣದ ಪ್ಯಾಕಿಂಗ್ ಕೊಟ್ರೆ ಗಾಡಿ ಎತ್ತರ ಆಯ್ತದೆ," ಅಂದ ಕೆಂಪಯ್ಯ. "ಕಲ್ಲು ತಳಕ್ಕೆ ಬಡಿಯಲ್ಲ, ಹಳ್ಳ ದಾಟಿ ನೆಟ್ಟಗೆ ಬರ್ಬೋದು. ಆದ್ರೆ ಕುಲುಕಾಟ ಅಂಗೇ ಇರ್ತದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕುದ್ರೆ ಮೆತ್ತಗೆ ಹೋಗ್ತದೆ. ಹಳ್ಳ ಮಾತ್ರ ದಾಟಂಗಿಲ್ಲ, ಬೆಟ್ಟ ಸುತ್ಕೊಂಡು ಬರ್ಬೇಕು."

"ಎರಡೂ ಹಾಕ್ಬುಡಣ್ಣ," ಅಂದ ಮಹದೇವು.

"ಎತ್ತರ ಮಾಡುದ್ರೆ ಈ ಶಾಕಿನ ಉದ್ದ ಸಾಲಲ್ಲ ಕಣೋ. ಒಂದು ಯೋಳು."

"ಪ್ಯಾಕಿಂಗೇ ಕೊಡಣ್ಣ. ಬೇಗ ಸೇರಿಸ್ಬೇಕು."

"ಬೇಗ ಇಳಿಸ್ಬುಟ್ಟು ಬರೋ ಆತುರಾನಾ?" ದೇವಿರಮ್ಮ ಹುಬ್ಬು ಹಾರಿಸಿದಳು. ಅವನ ಮುಖ ಸಪ್ಪಗಾಗಿದ್ದು ಕಂಡು ದನಿ ತಗ್ಗಿಸಿದಳು. "ಶಾಕ್ ಹಾಕ್ಸು. ನೋವಿಗೆ ಹೆದರಿ ಅಲ್ಲ ಕಣೋ. ದಾರಿ ಉದ್ದ ಆಗ್ಲಿ."

ಮಹದೇವು ಕೊಳೆ ಇಲ್ಲದ ಕೈಯನ್ನು ಸುಮ್ಮನೆ ಒರೆಸಿಕೊಂಡ. ಆಮೇಲೆ ಕೆಂಪಯ್ಯನ ಕಡೆ ತಿರುಗಿ, "ಶಾಕೇ ಹಾಕಣ್ಣ," ಅಂದ.

ಸೋಮವಾರ ಬೆಟ್ಟ ಸುತ್ತಿಕೊಂಡು ಹೊರಟರು. ಎತ್ತಿನ ಗಾಡಿಗಳೂ ಇವರನ್ನು ದಾಟಿಕೊಂಡು ಹೋದವು, ಅಷ್ಟು ನಿಧಾನ. ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ ಅವನು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ. ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದವಳು ಒಂದೇ ರೆಪ್ಪೆ ಎತ್ತಿ ಅವನ ಕಳ್ಳನೋಟವನ್ನು ಹಿಡಿದಳು.

"ಮುಂದೆ ನೋಡ್ಕೊಂಡು ಓಡ್ಸು. ನನ್ನ ಮುಖದಲ್ಲಿ ರಸ್ತೆ ಇಲ್ಲ."

"ದೇವಿರಿ, ಈಗ್ಲಾದ್ರೂ ಹೂಂ ಅನ್ನು."

ಅವಳ ತಾಯಿ ಕೇಳಿಸದವರ ಹಾಗೆ ಬೆಟ್ಟದ ಕಡೆ ಮುಖ ಮಾಡಿದರು.

"ಹೆಣಕ್ಕೆ ತಾಳಿ ಕಟ್ತೀಯಾ? ನಿಂಗೆ ಬುದ್ಧಿ ಯಾವಾಗ ಬರೋದು?" ಅಂದಳು ದೇವಿರಮ್ಮ. ಅಲ್ಲಿಂದ ಮುಂದೆ ಅವನು ಕೇಳಲಿಲ್ಲ. ಅವಳ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಗಾಡಿ ಎಲ್ಲೂ ಕುಲುಕಲಿಲ್ಲ. ಎಷ್ಟು ಉದ್ದವಾದರೂ ದಾರಿ ಮುಗಿದೇ ಹೋಯಿತು.

ಅವಳನ್ನು ಎತ್ತಿ ತಂದು ವಾರ್ಡಿನ ಮಂಚದ ಮೇಲೆ ಮಲಗಿಸಿದ. ಇನ್ನು ಗಂಡಸರು ಹೊರಗೆ ಇರಬೇಕು ಅಂದರು ನರ್ಸಮ್ಮ. ಅವನು ಬಾಗಿಲ ತನಕ ಹೋದ.

"ಕರ್ಕೊಂಡು ಬಂದೋರ ಹೆಸರೇನಮ್ಮ?" ನರ್ಸಮ್ಮ ದೇವಿರಮ್ಮನನ್ನು ಕೇಳಿದರು.

ತಾಯಿ ಬಾಯಿ ತೆರೆದರು. ದೇವಿರಮ್ಮ ಅವರ ಕೈ ಒತ್ತಿ ಹಿಡಿದಳು. ಮಾತು ಕಲಿತಾಗಿನಿಂದ ಬೀದಿಗೆಲ್ಲ ಕೇಳುವಂತೆ ಅವನ ಹೆಸರು ಕೂಗಿದ್ದವಳು, ಮಲಗಿದ್ದಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನಾನು ಹೇಳಂಗಿಲ್ಲ ಕಣಮ್ಮ. ಅವ್ರನ್ನೇ ಕೇಳಿ."

ನರ್ಸಮ್ಮ ಬಾಗಿಲ ಕಡೆ ತಿರುಗಿದರು. "ನಿಮ್ಮ ಹೆಸರೇನ್ರೀ?"

ಮಹದೇವು ಬಾಗಿಲಿಂದ ವಾಪಸು ಬಂದು, ದೇವಿರಮ್ಮನ ಮಂಚದ ಪಕ್ಕ ನಿಂತು ತನ್ನ ಹೆಸರು ಹೇಳಿದ.